ಕಹಳೆಗಾರ ಕ್ಲಿಫರ್ಡ್ ಬ್ರೌನ್

ಕವಿಯ ಮರಣಾನಂತರ ಕೃತಿ ಉಳಿಯುತ್ತದೆ. ಗಾಯಕನ, ವಾದಕನ ಕೃತಿಯಾದರೋ ಅವನ ಉಸಿರಿನೊಡನೆಯೇ ಹೋಗುತ್ತಿದ್ದಿತು. ಆ ನಿಯಮವನ್ನು ಮುರಿದದ್ದು ಗ್ರಾಮಫೋನಿನ ತಟ್ಟೆ. ಜಾಸ್ ಸಂಗೀತದ ಟ್ರಂಪೆಟ್ ವಾದಕರಲ್ಲಿ ಅಗ್ರಗಣ್ಯನಾದ ಕ್ಲಿಫರ್ಡ್ ಬ್ರೌನ್ 26 ತುಂಬುವ ಮೊದಲೇ ತೀರಿಕೊಂಡನು. ಅವನ ವಾದನ ಮುದ್ರಿತವಾದದ್ದು ಸುಮಾರು 4 ವರ್ಷಗಳ ಕಾಲ. ಇಂದು ನಮಗಿರುವ ಬ್ರೌನ್ ಅಷ್ಟೇ.

ಆತ ಹುಟ್ಟಿದ್ದು 1930ರ ಅಕ್ಟೋಬರ್ 30ರಂದು, ಅಮೆರಿಕದ ಡೆಲವೇರ್ ಸಂಸ್ಥಾನದ ವಿಲ್ಮಿಂಗ್ಟನ್ನಿನಲ್ಲಿ. ತಂದೆ ಸಂಗೀತಪ್ರಿಯ, ಮನೆಯಲ್ಲಿದ್ದ ಕಹಳೆಯ ಹೊಳಪೇ ಬಾಲಕನನ್ನು ಮೊದಲು ಸೆಳೆಯಿತು. ರಾಬರ್ಟ್ ಲೌರಿ ಎಂಬ ಊರಿನ ಗುರುವಿನಲ್ಲಿ ಶಿಕ್ಷಣವಾಯಿತು. ಕಾಲೇಜಿನಲ್ಲಿ ಮೊದಲು ಅಭ್ಯಸಿಸಿದ ವಿಷಯ ಗಣಿತ, ಅನಂತರ ಸಂಗೀತ.

1950ರ ಜೂನಿನಲ್ಲಿ ಮೋಟಾರು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡು ತಿಂಗಳುಗಟ್ಟಲೆ ಆಸ್ಪತ್ರೆ ಸೇರಿದನು. ಅವನಿಗೆ ಆದರ್ಶವೂ ಆಸರೆಯೂ ಆಗಿದ್ದ ಫ್ಯಾಟ್ಸ್ ನವಾರೋ ಮರುತಿಂಗಳೇ ಕ್ಷಯಕ್ಕೂ ಹೆರಾಯಿನ್ ಚಟಕ್ಕೂ ಬಲಿಯಾದನು. ಹಾಸಿಗೆಯಲ್ಲಿದ್ದ ತರುಣನನ್ನು ನೋಡಲು ಬಂದ ಡಿಜ್ಜಿ ಗಿಲೆಸ್ಪಿ ಕಹಳೆಯನ್ನು ಬಿಡದಂತೆ ಧೈರ್ಯ ತುಂಬಿದನು.

1952ರಲ್ಲಿ ಬ್ರೌನನ ವಾದನ ಮೊದಲ ಬಾರಿಗೆ ತಟ್ಟೆಗೇರಿತು. 1953ರಲ್ಲಿ ಬ್ಲೂ ನೋಟ್ ಸಂಸ್ಥೆಗಾಗಿ ನುಡಿಸಿ, ಲಯನೆಲ್ ಹ್ಯಾಂಪ್ಟನ್ನನ ವೃಂದದೊಡನೆ ಯೂರೋಪಿಗೆ ಹೋದನು. ಹೊರಗೆ ಧ್ವನಿಮುದ್ರಣ ಮಾಡಕೂಡದೆಂದು ಹ್ಯಾಂಪ್ಟನ್ನನ ಕಟ್ಟಪ್ಪಣೆ. ಆದರೂ ತರುಣರು ಮರೆಯಲ್ಲಿ ಹೋಗಿ ಸ್ಟಾಕ್‌ಹೋಮ್ ಪ್ಯಾರಿಸುಗಳಲ್ಲಿ ನುಡಿಸಿ ಬಂದರು. ಆ ಅವಿಧೇಯತೆಗೆ ರಸಿಕಲೋಕ ಋಣಿ! 1954ರಲ್ಲಿ ಮದ್ದಳೆಯಂತೆ ಡ್ರಮ್ಮನ್ನು ಮಾತನಾಡಿಸಬಲ್ಲ ಮ್ಯಾಕ್ಸ್ ರೋಚ್‌ನೊಡನೆ ಐವರ ಮೇಳ ಕಟ್ಟಿದನು. ‘ಜಾಯ್ ಸ್ಪ್ರಿಂಗ್’, ‘ದಾವೂದ್’ ಮೊದಲಾದ ಸ್ವಂತ ರಚನೆಗಳು ಆ ಮೇಳದ ಕೀರ್ತಿಯನ್ನು ಬೆಳೆಸಿದವು.

ಮಾದಕದ್ರವ್ಯವಿಲ್ಲದೆ ಪ್ರತಿಭೆ ಉಕ್ಕದೆಂಬ ಭ್ರಮೆ ಅಂದಿನ ಎಷ್ಟೋ ತರುಣ ವಾದಕರನ್ನು ಕವಿದಿತ್ತು. ಬ್ರೌನ್ ಅದರ ಬಳಿಯೂ ಸುಳಿಯಲಿಲ್ಲ. ಸಾಧನೆ, ಚದುರಂಗ, ಸಂಸಾರ—ಇವು ಅವನ ವ್ಯಸನಗಳು. ಚಟದಿಂದ ಬಿಡಿಸಿಕೊಂಡು 1955ರ ಕೊನೆಗೆ ಮೇಳ ಸೇರಿದ ಸ್ಯಾಕ್ಸೊಫೋನ್ ವಾದಕ ಸನ್ನಿ ರಾಲಿನ್ಸನಿಗೆ ಈ ಬಾಳೇ ಒಂದು ಪಾಠವಾಯಿತು.

1956ರ ಜೂನ್ 26. ಲರೂಳ ಕೈಹಿಡಿದು ಅಂದಿಗೆ 2 ವರ್ಷ. ಆಕೆಯ ಹುಟ್ಟಿದ ದಿನವೂ ಅದೇ. ಮೇಳದ ಪಿಯಾನೋ ವಾದಕ ರಿಚೀ ಪವೆಲ್ ದಂಪತಿಗಳೊಡನೆ ಬ್ರೌನ್ ಷಿಕಾಗೋ ಕಡೆಗೆ ಹೊರಟಿದ್ದನು. ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ, ಮಳೆಯ ರಾತ್ರಿಯಲ್ಲಿ ಕಾರು ಉರುಳಿ ಮೂವರೂ ಮಡಿದರು.

ಬಳಿಕ ಅವನ ಬಾಳು ತಟ್ಟೆಗಳಲ್ಲಿ ಮುಂದುವರಿಯಿತು. 10 ಅಂಗುಲದ ಚಿಕ್ಕ ತಟ್ಟೆಗಳಲ್ಲಿ ಚದುರಿದ್ದ ವಾದನವನ್ನು ಬ್ಲೂ ನೋಟ್ 1956ರಲ್ಲಿಯೇ 12 ಅಂಗುಲದ ಸ್ಮರಣ ಸಂಪುಟವಾಗಿಸಿತು. 1973ರಲ್ಲಿ ಕೊಲಂಬಿಯಾ ಸಂಸ್ಥೆ ಹೊರತಂದ ತಟ್ಟೆಯಲ್ಲಿ ಕೆಲವು ಭಾಗಗಳು ಮರಣದ ಹಿಂದಿನ ಕೆಲವು ಗಂಟೆಗಳಲ್ಲಿ ನುಡಿಸಿದವೆಂದು ಹೇಳಲಾಗಿತ್ತು. ಅವು 1955ರ ಮೇ 31ರವೆಂದು ಶೋಧಕರು ಆಮೇಲೆ ತೋರಿಸಿದರು. ಸಾವಿನ ನೆರಳು ಸರಿದರೂ ನಾದ ಮಂಕಾಗಲಿಲ್ಲ. 1984ರಲ್ಲಿ ಮೊಸೇಯಿಕ್ ಸಂಸ್ಥೆಯ 5 ತಟ್ಟೆಗಳ ಸಂಪುಟದಲ್ಲಿ, ಬ್ಲೂ ನೋಟ್ ಮತ್ತು ಪೆಸಿಫಿಕ್ ಜಾಸ್ ಸಂಸ್ಥೆಗಳಿಗಾಗಿ ಅವನು ನುಡಿಸಿದ್ದು ಒಂದೆಡೆ ಸೇರಿತು.

ಇಂದು ಮೂಲ ಮುದ್ರಣಗಳು ಸಂಗ್ರಾಹಕರ ನಿಧಿ. ವಿದ್ಯಾರ್ಥಿಗೆ ಒದಗುವುದು ಪುನರ್ಮುದ್ರಣವೇ. ‘ಚೆರೋಕೀ’ಯನ್ನು ಒಂದೇ ದಿನ ಎರಡು ಬಾರಿ ನುಡಿಸಿದುದನ್ನು ಅಕ್ಕಪಕ್ಕದಲ್ಲಿಟ್ಟು ಕೇಳಿದವರಿಗೆ ಕಂಠಪಾಠಕ್ಕೂ ಸೃಷ್ಟಿಗೂ ಇರುವ ಅಂತರ ತಾನೇ ತಿಳಿಯುತ್ತದೆ. ಅಕಾಲಮೃತ್ಯು ಬ್ರೌನನನ್ನು ಕಥಾನಾಯಕನನ್ನಾಗಿ ಮಾಡಿರಬಹುದು. ಅವನನ್ನು ಕಲಾವಿದನನ್ನಾಗಿ ಮಾಡಿದ್ದು ದಿನದಿನದ ದುಡಿಮೆ. ಆ ದುಡಿಮೆಗೆ ಸಾಕ್ಷಿ ಈ ತಟ್ಟೆಗಳು.