ಮನ್ರೇಸಾದ ಕತ್ತಲೆ

ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೊಲಾರಿಗೆ 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ತಗಲಿದುದನ್ನು ನಾವೆಲ್ಲರೂ ಬಲ್ಲೆವು. ಮರುವರ್ಷ ಸ್ಪೇನಿನ ಮನ್ರೇಸಾದಲ್ಲಿ ಅವರು ಅನುಭವಿಸಿದ್ದು ಅಷ್ಟಾಗಿ ಕೇಳಿಬರುವುದಿಲ್ಲ. ಎಷ್ಟು ಬಾರಿ ಪಾಪನಿವೇದನೆ ಮಾಡಿದರೂ ಪಾಪಭೀತಿ ಕಳೆಯಲಿಲ್ಲ. ಪ್ರಾರ್ಥನೆಯಲ್ಲಿ ಸಾಂತ್ವನ ಉಳಿಯಲಿಲ್ಲ. ಪ್ರಾಣವನ್ನೇ ಕಳೆದುಕೊಳ್ಳುವ ಪ್ರೇರಣೆ ಪದೇ ಪದೇ ಕಾಡಿತು. ವಾರವಿಡೀ ಉಪವಾಸವಿದ್ದರು. ಗುರುಗಳು ಊಟಮಾಡಲು ಆಜ್ಞಾಪಿಸಿದಾಗ ವಿಧೇಯರಾದರು. ಎರಡು ದಿನ ಶಮನವಾಗಿ ಮರುಕಳಿಸಿದ ಆ ವೇದನೆ ಕೊನೆಗೆ ನೀಗಿತು.

ಮನೋವೇದನೆಗೆಲ್ಲ ವಿಶ್ವಾಸದ ಕೊರತೆಯೇ ಕಾರಣವೆನ್ನುವವರು ಇದನ್ನು ಗಮನಿಸಬೇಕು. ನಮ್ಮಂಥ ಅಲ್ಪಸಂಖ್ಯಾತ ಸಮುದಾಯದಲ್ಲಿ ಧರ್ಮಕೇಂದ್ರಕ್ಕೆಲ್ಲ ತಿಳಿದೀತೆಂದು, ಮಗಳ ಸಂಬಂಧ ತಪ್ಪೀತೆಂದು ಖಿನ್ನತೆಯನ್ನು ಮುಚ್ಚಿಡುವ ಮನೆಗಳುಂಟು. ಇಗ್ನೇಷಿಯಸರು ಮುಚ್ಚಿಡಲಿಲ್ಲ, 1556ರಲ್ಲಿ ದೈವಾಧೀನರಾಗುವ ಮುನ್ನ ಎಲ್ಲವನ್ನೂ ಸಹಗುರುವೊಬ್ಬರಿಗೆ ಹೇಳಿ ಬರೆಯಿಸಿದರು. ಇಂದು ವೈದ್ಯರಿದ್ದಾರೆ, ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ಆಲಿಸುತ್ತಾರೆ.