ಗೆಳೆತನದ ಗಾಲಿ

ನಮ್ಮ ನಾಡಿನ ಅನೇಕ ಪಟ್ಟಣಗಳನ್ನು ಪ್ರವೇಶಿಸುವಾಗ ರಸ್ತೆಯ ಬದಿಯಲ್ಲಿ ಹಲ್ಲುಗಾಲಿಯ ಚಿತ್ರವುಳ್ಳ ಫಲಕವೊಂದು ಕಣ್ಣಿಗೆ ಬೀಳುತ್ತದೆ. ಅದೇ ಗಾಲಿಯನ್ನು ನೇತ್ರ ಚಿಕಿತ್ಸಾ ಶಿಬಿರಗಳಲ್ಲಿ, ರಕ್ತನಿಧಿಗಳ ಗೋಡೆಯ ಮೇಲೆ, ಪ್ರಯಾಣಿಕರ ತಂಗುದಾಣಗಳಲ್ಲಿ ನಾವು ಕಾಣುತ್ತೇವೆ. 24 ಹಲ್ಲುಗಳೂ ಆರು ಅರಗಳೂ ಇರುವ ಈ ಗಾಲಿ ರೋಟರಿ ಎಂಬ ಸೇವಾಸಂಸ್ಥೆಯ ಚಿಹ್ನೆ. ವಾರಕ್ಕೊಮ್ಮೆ ಸಭೆ ಸೇರುವುದು, ಒಟ್ಟಿಗೆ ಕುಳಿತು ಉಣ್ಣುವುದು, ಊರಿಗೆ ಉಪಕಾರವಾಗುವ ಒಂದು ಕೆಲಸವನ್ನು ಕೈಗೆತ್ತಿಕೊಳ್ಳುವುದು, ಇವು ಅದರ ಸದಸ್ಯರು ನಡೆಸಿಕೊಂಡು ಬಂದ ಪದ್ಧತಿ. ಇದನ್ನು ಹುಟ್ಟುಹಾಕಿದವನು ದೊಡ್ಡ ನಗರವೊಂದರಲ್ಲಿ ಆಪ್ತರಿಲ್ಲದೆ ಬೇಸತ್ತಿದ್ದ ಒಬ್ಬ ವಕೀಲ. ಅವನ ಹೆಸರು ಪಾಲ್ ಹ್ಯಾರಿಸ್.

ಪಾಲ್ ಪರ್ಸಿ ಹ್ಯಾರಿಸ್ ಜನಿಸಿದ್ದು 1868ನೆಯ ಇಸವಿ ಏಪ್ರಿಲ್ 19ರಂದು, ಅಮೆರಿಕದ ವಿಸ್ಕಾನ್‌ಸಿನ್ ಸಂಸ್ಥಾನದ ರೆಸೀನ್ ಪಟ್ಟಣದಲ್ಲಿ. ತಂದೆ ಔಷಧದ ಅಂಗಡಿಯನ್ನು ಇಟ್ಟುಕೊಂಡಿದ್ದ. ಸಂಸಾರದಲ್ಲಿ ಹಣ ಕೂಡಿಡುವ ಅಭ್ಯಾಸವಿರಲಿಲ್ಲ. ವ್ಯಾಪಾರ ಕುಸಿದು ಮನೆ ಚದುರಿತು. ಮೂರು ವರ್ಷದ ಪಾಲ್‌ನನ್ನೂ ಅವನ ಅಣ್ಣನನ್ನೂ ತಂದೆಯು ದೂರದ ವರ್ಮಾಂಟ್ ಸಂಸ್ಥಾನದ ವಾಲಿಂಗ್‌ಫರ್ಡ್ ಎಂಬ ಹಳ್ಳಿಗೆ ಕರೆದೊಯ್ದು ತನ್ನ ತಂದೆತಾಯಿಗಳ ವಶಕ್ಕೆ ಒಪ್ಪಿಸಿದನು. ಅಂದಿನಿಂದ ಆ ಹಳ್ಳಿಯೇ ಪಾಲ್‌ನ ತವರಾಯಿತು.

ಸುತ್ತಲೂ ಹಸುರು ಬೆಟ್ಟಗಳು, ನಡುವೆ ಪುಟ್ಟ ಊರು. ಅಲ್ಲಿ ಒಬ್ಬರನ್ನೊಬ್ಬರು ಅರಿಯದವರಿರಲಿಲ್ಲ. ಒಂದು ಮನೆಯಲ್ಲಿ ಕಾಯಿಲೆಯಾದರೆ ನೆರೆಮನೆಯವರು ವಿಚಾರಿಸದೆ ಇರುತ್ತಿರಲಿಲ್ಲ. ಅಜ್ಜ ಹೊವರ್ಡ್ ಹ್ಯಾರಿಸ್ ಮಿತಭಾಷಿ. ಶ್ರಮ, ಮಿತವ್ಯಯ, ದೈವಭಕ್ತಿಗಳಲ್ಲಿ ಬದುಕನ್ನು ಸವೆಸಿದವನು. ಪರರ ಮತವನ್ನು ಹೀಗಳೆಯುವ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಮೊಮ್ಮಗನಾದರೋ ಮಹಾ ತುಂಟ. ಊರಿನ ಚೇಷ್ಟೆಗಳಲ್ಲೆಲ್ಲ ಅವನ ಕೈವಾಡವಿರುತ್ತಿತ್ತು. ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1886ರಲ್ಲಿ, ವಿದ್ಯಾರ್ಥಿಗಳ ಗಲಭೆಯೊಂದರ ನಿಮಿತ್ತ ಅವನನ್ನು ಅಲ್ಲಿಂದ ಹೊರಹಾಕಲಾಯಿತು. ಆ ಬಾರಿ ಮಾತ್ರ ಅವನ ತಪ್ಪು ಏನೂ ಇರಲಿಲ್ಲ. ಮುಂದೆ ಅದೇ ವಿಶ್ವವಿದ್ಯಾಲಯ ಅವನನ್ನು ಕರೆದು ಗೌರವ ಪದವಿಯನ್ನು ನೀಡಿತೆಂಬುದು ಗಮನಾರ್ಹ. ಪ್ರಿನ್‌ಸ್ಟನ್‌ನಲ್ಲಿ ಓದು ಮುಂದುವರಿಯುತ್ತಿದ್ದಂತೆ 1888ರಲ್ಲಿ ಅಜ್ಜ ತೀರಿಕೊಂಡನು. ಕೆಲಕಾಲ ಅಮೃತಶಿಲೆಯ ವ್ಯಾಪಾರ ಸಂಸ್ಥೆಯೊಂದರಲ್ಲಿ ಚಾಕರಿ ಮಾಡಿ, ಬಳಿಕ ಅಯೋವ ವಿಶ್ವವಿದ್ಯಾಲಯದಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗಮಾಡಿ ಪಾಲ್ 1891ರಲ್ಲಿ ಪದವೀಧರನಾದನು.

ಪದವಿ ಕೈಗೆ ಬಂದೊಡನೆ ವಕೀಲಿಗೆ ಕೂಡಲಿಲ್ಲ. ಐದು ವರ್ಷ ಲೋಕವನ್ನು ಸುತ್ತಿ ನೋಡಿ ಅನಂತರ ನೆಲೆ ನಿಲ್ಲುವುದೆಂದು ಸಂಕಲ್ಪಿಸಿದನು. ಸಾನ್ ಫ್ರಾನ್ಸಿಸ್ಕೋದಲ್ಲಿ ಪತ್ರಿಕೆಯ ವರದಿಗಾರನಾದನು. ಒಣದ್ರಾಕ್ಷಿಯನ್ನು ಕಟ್ಟುವ ಕಾರ್ಖಾನೆಯಲ್ಲಿ ಕೂಲಿಯಾದನು. ಡೆನ್ವರ್‌ನಲ್ಲಿ ನಾಟಕದ ಕಂಪೆನಿ ಸೇರಿ ಬಣ್ಣ ಹಚ್ಚಿದನು. ದನ ಕಾಯುವವನಾಗಿ ಕುದುರೆಯ ಮೇಲೆ ಅಲೆದನು. ಫ್ಲಾರಿಡಾದ ಹೋಟೆಲೊಂದರಲ್ಲಿ ರಾತ್ರಿಪಾಳಿಯ ಗುಮಾಸ್ತನಾದನು. ಇಂಗ್ಲೆಂಡನ್ನು ನೋಡುವ ಹಂಬಲದಿಂದ, ದನಗಳನ್ನು ಸಾಗಿಸುವ ಹಡಗಿನಲ್ಲಿ ಆಳಾಗಿ ಸಮುದ್ರವನ್ನು ದಾಟಿದನು. ಕೊಳಕು, ಹಸಿವು, ಮೇಲಿನವರ ನಿಷ್ಠುರತೆ ಇವೆಲ್ಲದರ ಪರಿಚಯ ಅವನಿಗೆ ಆ ಹಡಗಿನಲ್ಲಾಯಿತು. ಮನೆಮಂದಿಗೆ ಇದು ಪೋಲಿ ತಿರುಗಾಟವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಎಂತಹ ಅಪರಿಚಿತನೊಡನೆಯೂ ಸಲೀಸಾಗಿ ಮಾತನಾಡಬಲ್ಲ ಶಕ್ತಿ ಅವನಿಗೆ ದಕ್ಕಿದ್ದು ಈ ಐದು ವರ್ಷಗಳಲ್ಲಿಯೇ ಎಂದು ತೋರುತ್ತದೆ.

1896ರಲ್ಲಿ ಹ್ಯಾರಿಸ್ ಷಿಕಾಗೋ ನಗರಕ್ಕೆ ಬಂದು ವಕೀಲಿ ವೃತ್ತಿಯನ್ನು ಆರಂಭಿಸಿದನು. ಷಿಕಾಗೋ ಆಗ ಅತಿ ವೇಗದಿಂದ ಬೆಳೆಯುತ್ತಿದ್ದ ನಗರ. 1900ರ ಹೊತ್ತಿಗೆ ಅಲ್ಲಿಯ ಜನಸಂಖ್ಯೆ 16 ಲಕ್ಷವನ್ನು ಮೀರಿತ್ತು. ಕಸಾಯಿಖಾನೆಗಳು, ಉಕ್ಕಿನ ಕಾರ್ಖಾನೆಗಳು, ಆಕಾಶಕ್ಕೆ ಏರುವ ಕಟ್ಟಡಗಳು. ವ್ಯಾಪಾರದಲ್ಲಿ ಮೋಸ ಸಾಮಾನ್ಯವಾಗಿತ್ತು. ಇಂತಹ ಜನಾರಣ್ಯದಲ್ಲಿ ಹ್ಯಾರಿಸನಿಗೆ ಕಕ್ಷಿದಾರರು ದೊರೆತರು, ಗೆಳೆಯರು ದೊರೆಯಲಿಲ್ಲ. ವಾರದ ದಿನಗಳು ಕೆಲಸದ ಗಡಿಬಿಡಿಯಲ್ಲಿ ಹೇಗೋ ಕಳೆಯುತ್ತಿದ್ದವು. ಭಾನುವಾರ ಬಂತೆಂದರೆ ಅವನಿಗೆ ವಾಲಿಂಗ್‌ಫರ್ಡಿನ ನೆನಪು ಕಾಡುತ್ತಿತ್ತು.

ಹೀಗಿರಲು ಒಂದು ಸಂಜೆ ವಕೀಲ ಮಿತ್ರನೊಬ್ಬನು ಅವನನ್ನು ನಗರದ ಹೊರವಲಯದಲ್ಲಿದ್ದ ತನ್ನ ಮನೆಗೆ ಊಟಕ್ಕೆ ಕರೆದನು. ಊಟವಾದ ಮೇಲೆ ಇಬ್ಬರೂ ಅಡ್ಡಾಡಲು ಹೊರಟರು. ದಾರಿಯ ಉದ್ದಕ್ಕೂ ಆ ಮಿತ್ರನು ಅಂಗಡಿಕಾರರನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದನು. ಅವರೂ ಅಷ್ಟೇ ಸಲಿಗೆಯಿಂದ ಉತ್ತರಿಸುತ್ತಿದ್ದರು. ಹ್ಯಾರಿಸ್ ಬೆರಗಾದನು. ಈ ಮಹಾನಗರದೊಳಗೂ ಒಂದು ಹಳ್ಳಿಯನ್ನು ಕಟ್ಟಿಕೊಳ್ಳಲು ಸಾಧ್ಯವಿದೆಯೆಂದು ಅವನಿಗೆ ಹೊಳೆಯಿತು. ಹೊಳೆದದ್ದನ್ನು ಮರುದಿನವೇ ಆಚರಣೆಗೆ ತರುವ ಆತುರ ಅವನದಲ್ಲ. ಆ ಆಲೋಚನೆಯನ್ನು ಮನಸ್ಸಿನಲ್ಲಿ ಹೊತ್ತು ಕೆಲವು ವರ್ಷಗಳನ್ನೇ ಕಳೆದನು.

1905ನೆಯ ಇಸವಿ ಫೆಬ್ರವರಿ 23, ಗುರುವಾರ. ಅಂದಿನ ರಾತ್ರಿ ಡಿಯರ್‌ಬಾರ್ನ್ ಬೀದಿಯ ಯೂನಿಟಿ ಕಟ್ಟಡದ 711ನೆಯ ಕೊಠಡಿಯಲ್ಲಿ ನಾಲ್ವರು ಸೇರಿದರು. ವಕೀಲ ಹ್ಯಾರಿಸ್, ಕಲ್ಲಿದ್ದಲಿನ ವ್ಯಾಪಾರಿ ಸಿಲ್ವೆಸ್ಟರ್ ಷೀಲ್, ಗಣಿ ಎಂಜಿನಿಯರ್ ಗಸ್ಟೇವಸ್ ಲೋರ್, ದರ್ಜಿ ವ್ಯಾಪಾರದ ಹೈರಮ್ ಷೋರಿ. ಕೊಠಡಿ ಲೋರ್‌ನದು. ಹ್ಯಾರಿಸ್ ತನ್ನ ಯೋಜನೆಯನ್ನು ವಿವರಿಸಿದನು: ಒಂದೊಂದು ಕಸುಬಿಗೆ ಒಬ್ಬನೇ ಪ್ರತಿನಿಧಿ, ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳಲ್ಲದ ಕಾರಣ ಅಸೂಯೆಗೆ ಎಡೆಯಿಲ್ಲ. ಬಹುಬೇಗ ಮುದ್ರಣಾಲಯದ ಒಡೆಯ ಹ್ಯಾರಿ ರಗಲ್ಸ್ ಮೊದಲಾದವರು ಬಂದು ಕೂಡಿಕೊಂಡರು. ಸಭೆಯನ್ನು ಒಂದೇ ಸ್ಥಳದಲ್ಲಿ ನಡೆಸದೆ ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ನಡೆಸಿದರು. ಸರದಿಯಂತೆ ಸುತ್ತುವುದರಿಂದಲೇ ಸಂಘಕ್ಕೆ ರೋಟರಿ ಎಂಬ ಹೆಸರು ಬಂದಿತು. ಮೊದಲ ಅಧ್ಯಕ್ಷ ಪದವಿ ಹ್ಯಾರಿಸನಿಗೆ ತಾನಾಗಿ ಒದಗುತ್ತಿತ್ತು; ಆತ ಅದನ್ನು ಷೀಲ್‌ನಿಗೆ ಬಿಟ್ಟುಕೊಟ್ಟು ಹಿಂದೆ ನಿಂತನು.

ಆ ಮೊದಲ ಸಭೆಗಳ ರೀತಿ ರಸವತ್ತಾಗಿತ್ತು. ಅಲ್ಲಿ ಯಾರೂ ಯಾರನ್ನೂ ಬಿರುದು ಬಾವಲಿಗಳಿಂದ ಕರೆಯುವಂತಿರಲಿಲ್ಲ. ಎಲ್ಲರೂ ಎಲ್ಲರಿಗೂ ಮನೆಯ ಹೆಸರಿನವರೇ. ನಿಯಮ ತಪ್ಪಿದವನು ಸಣ್ಣ ದಂಡವನ್ನು ತೆರಬೇಕಾಗಿತ್ತು. ಸಭೆ ಸಪ್ಪೆಯಾಗುವಂತೆ ಕಂಡರೆ ರಗಲ್ಸ್ ಎದ್ದು ನಿಂತು ಎಲ್ಲರಿಂದಲೂ ಹಾಡು ಹೇಳಿಸುತ್ತಿದ್ದನು. ನಡುವಯಸ್ಸಿನ ವ್ಯಾಪಾರಿಗಳು ಶಾಲೆಯ ಹುಡುಗರಂತೆ ಒಕ್ಕೊರಲಿನಿಂದ ಹಾಡುವ ದೃಶ್ಯವನ್ನು ನೆನೆದರೆ ನಗು ಬರುತ್ತದೆ. ಒಂಟಿತನವನ್ನು ಕಳೆಯಲು ಅದಕ್ಕಿಂತ ಒಳ್ಳೆಯ ಮದ್ದು ಯಾವುದಿದೆಯೋ ನಾನರಿಯೆ.

ಆದರೆ ಒಂದು ಸಂಗತಿಯನ್ನು ಮರೆಮಾಚಬಾರದು. ಆರಂಭದಲ್ಲಿ ಸಂಘದ ಗುರಿ ಪರೋಪಕಾರವಾಗಿರಲಿಲ್ಲ. ಸದಸ್ಯರು ತಮ್ಮತಮ್ಮಲ್ಲಿಯೇ ವ್ಯಾಪಾರ ಕೊಟ್ಟುಕೊಳ್ಳಬೇಕೆಂಬುದು ಅದರ ಉದ್ದೇಶಗಳಲ್ಲೊಂದು. ಯಾರು ಯಾರಿಂದ ಎಷ್ಟು ವ್ಯಾಪಾರ ಪಡೆದರೆಂಬುದನ್ನು ಬರೆದಿಡಲು ಒಬ್ಬ ಲೆಕ್ಕಿಗನೂ ಇದ್ದನು! 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ವಕೀಲನನ್ನು ಸದಸ್ಯನಾಗಲು ಆಹ್ವಾನಿಸಿದಾಗ, ಹೊರಗಿನ ಜನರಿಗೆ ಏನನ್ನೂ ಮಾಡದ ಸಂಘಕ್ಕೆ ಬಾಳಿಕೆಯಿಲ್ಲವೆಂದು ಅವನು ಆಕ್ಷೇಪಿಸಿದನು. ಈ ಟೀಕೆಯು ಹ್ಯಾರಿಸನ ಮನಸ್ಸಿಗೆ ನಾಟಿತು. ಆಕ್ಷೇಪಿಸಿದವನನ್ನೇ ಸಂಘಕ್ಕೆ ಸೇರಿಸಿಕೊಂಡು ನಿಬಂಧನೆಗಳನ್ನು ತಿದ್ದಿಸಲಾಯಿತು. 1907ರಲ್ಲಿ ತಾನೇ ಅಧ್ಯಕ್ಷನಾದ ಮೇಲೆ ಹ್ಯಾರಿಸ್ ಸಂಘವನ್ನು ಸೇವೆಯ ಕಡೆಗೆ ತಿರುಗಿಸತೊಡಗಿದನು. ಸ್ನೇಹವೂ ವ್ಯಾಪಾರವೂ ಇದ್ದರೆ ಸಾಕು, ಊರ ಉಸಾಬರಿ ನಮಗೇಕೆ ಎನ್ನುವ ಸದಸ್ಯರು ಕಡಿಮೆಯೇನಿರಲಿಲ್ಲ. ಸಂಘ ಒಡೆಯುವಂತಹ ವಾಗ್ವಾದಗಳೂ ನಡೆದವು.

ಸಂಘವು ಕೈಗೊಂಡ ಮೊದಲ ದೊಡ್ಡ ಸಾರ್ವಜನಿಕ ಕಾರ್ಯ ಯಾವುದು ಗೊತ್ತೆ? ಸಾರ್ವಜನಿಕ ಶೌಚಾಲಯದ ನಿರ್ಮಾಣ. ಷಿಕಾಗೋದ ಪೇಟೆಗೆ ಬರುವ ಜನರು ದೇಹಬಾಧೆಯನ್ನು ತೀರಿಸಿಕೊಳ್ಳಬೇಕಾದರೆ ಮದ್ಯದಂಗಡಿಯನ್ನೋ ದೊಡ್ಡ ಮಳಿಗೆಯನ್ನೋ ಹೊಗಬೇಕಾಗಿತ್ತು. ಹೊಕ್ಕವರು ಏನನ್ನಾದರೂ ಕೊಳ್ಳುತ್ತಿದ್ದರು. ಹಾಗಾಗಿ ಮದ್ಯ ವ್ಯಾಪಾರಿಗಳೂ ಮಳಿಗೆಗಳ ಒಡೆಯರೂ ಈ ಯೋಜನೆಯನ್ನು ಬಲವಾಗಿ ವಿರೋಧಿಸಿದರು. ಹ್ಯಾರಿಸ್ ನಗರದ ಇತರ ಸಂಘ ಸಂಸ್ಥೆಗಳನ್ನು ಒಟ್ಟುಗೂಡಿಸಿ ನಗರಾಡಳಿತದ ಮೇಲೆ ಒತ್ತಾಯ ತಂದನು. 1907ರಲ್ಲಿ ಎತ್ತಿಕೊಂಡ ಕೆಲಸ ಮುಗಿಯುವಾಗ 1909 ಬಂದಿತ್ತು. ಘನತೆಯ ಕೆಲಸವನ್ನು ಹುಡುಕುತ್ತ ಕೂಡದೆ, ಜನರಿಗೆ ನಿತ್ಯವೂ ಬೇಕಾದುದನ್ನು ಕಂಡುಕೊಂಡ ಈ ವಿವೇಕವನ್ನು ನಾನು ಅವನ ದೊಡ್ಡ ಗುಣವೆಂದು ಎಣಿಸುತ್ತೇನೆ.

1908ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ಎರಡನೆಯ ಸಂಘ ಹುಟ್ಟಿತು. 1910ರಲ್ಲಿ 16 ಸಂಘಗಳು ಕೂಡಿ ರಾಷ್ಟ್ರೀಯ ಒಕ್ಕೂಟವಾದಾಗ ಹ್ಯಾರಿಸ್ ಅದರ ಮೊದಲ ಅಧ್ಯಕ್ಷನಾದನು. ಕಾರ್ಯದರ್ಶಿಯಾದ ಚೆಸ್ಲಿ ಪೆರಿ 1942ರವರೆಗೂ ಆ ಹೊಣೆಯನ್ನು ಹೊತ್ತನು. ಕನಸು ಹ್ಯಾರಿಸನದು, ಪತ್ರ, ಲೆಕ್ಕ, ಶಿಸ್ತುಗಳಿಂದ ಅದಕ್ಕೆ ಒಡಲು ಕೊಟ್ಟವನು ಪೆರಿ. ಕೆನಡ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಸಂಘ ಹಬ್ಬಿತು. ಭಾರತದಲ್ಲಿ ಮೊದಲು 1919ರಲ್ಲಿ ಕಲ್ಕತ್ತೆಗೆ ಬಂದಿತು; ಬೆಂಗಳೂರಿನಲ್ಲಿ 1934ರಲ್ಲಿ ನೆಲೆಗೊಂಡಿತು.

ಹ್ಯಾರಿಸನ ವಿವಾಹದ ಕಥೆ ಸ್ವಾರಸ್ಯವಾದುದು. ರಜೆಯ ದಿನ ಗೆಳೆಯರ ತಂಡದೊಡನೆ ಹೊಲಗಾಡುಗಳಲ್ಲಿ ನಡೆದುಹೋಗುತ್ತಿದ್ದಾಗ ಅವನ ಕೋಟು ಮುಳ್ಳುತಂತಿಗೆ ಸಿಕ್ಕಿ ಹರಿಯಿತು. ಜೊತೆಯಲ್ಲಿದ್ದ ಜೀನ್ ಥಾಮ್ಸನ್ ಎಂಬ ತರುಣಿ ಅದನ್ನು ಹೊಲಿದುಕೊಡಲು ಮುಂದಾದಳು. ಆಕೆ ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದವಳು. 1910ರ ಜುಲೈನಲ್ಲಿ ಅವರ ಮದುವೆ ನಡೆಯಿತು. ಷಿಕಾಗೋದಲ್ಲಿ ಕೊಂಡ ಮನೆಗೆ ಪತ್ನಿಯು ಬೆಳೆದ ಬೀದಿಯ ಹೆಸರನ್ನೇ, ಕಮ್ಲಿ ಬ್ಯಾಂಕ್ ಎಂದು, ಇಟ್ಟನು. ಮಕ್ಕಳಾಗಲಿಲ್ಲ. ದಂಪತಿಗಳು ಮುಂದೆ ಯೂರೋಪು, ದಕ್ಷಿಣ ಆಫ್ರಿಕ, ಜಪಾನ್, ಆಸ್ಟ್ರೇಲಿಯ ಮೊದಲಾದ ನಾಡುಗಳಲ್ಲಿ ಸಂಚರಿಸಿದರು. ಹೋದ ಹೋದಲ್ಲಿ ಹ್ಯಾರಿಸ್ ಸ್ನೇಹದ ಕುರುಹಾಗಿ ಒಂದು ಗಿಡವನ್ನು ನೆಡುತ್ತಿದ್ದನು.

ಆ ಗಿಡಗಳು ಬೇರು ಬಿಡುವ ಮೊದಲೇ ಲೋಕದ ಗಾಳಿ ಕೆಟ್ಟಿತು. 1937ರಲ್ಲಿ ಜರ್ಮನಿಯ ಸಂಘಗಳು ಮುಚ್ಚಿದವು. 1935ರಲ್ಲಿ ಟೋಕಿಯೋದಲ್ಲಿ ಗಿಡ ನೆಟ್ಟು ಬಂದಿದ್ದನು; 1940ರಲ್ಲಿ ಜಪಾನಿನ ಸಂಘಗಳೂ ಒಕ್ಕೂಟದಿಂದ ಹೊರಬಿದ್ದವು. ಗೆಳೆತನದಿಂದ ರಾಷ್ಟ್ರಗಳನ್ನು ಬೆಸೆಯಬಹುದೆಂದು ನಂಬಿದ್ದ ವೃದ್ಧನ ಕಣ್ಣೆದುರಿಗೇ ಆ ರಾಷ್ಟ್ರಗಳು ಒಂದರ ಮೇಲೊಂದು ಬಿದ್ದವು. ಅವನ ನಂಬಿಕೆ ಮಾತ್ರ ಕೆಡಲಿಲ್ಲ. ಯುದ್ಧ ಮುಗಿದುದನ್ನು ನೋಡುವ ಭಾಗ್ಯ ಅವನಿಗಿತ್ತು.

1947ನೆಯ ಇಸವಿ ಜನವರಿ 27ರಂದು ಹ್ಯಾರಿಸ್ ಷಿಕಾಗೋದಲ್ಲಿ ನಿಧನಹೊಂದಿದನು. ಆಗ ಲೋಕದಲ್ಲಿ ಸುಮಾರು 6 ಸಾವಿರ ರೋಟರಿ ಸಂಘಗಳಿದ್ದವು. ಅವನ ಸ್ಮರಣಾರ್ಥ ಸದಸ್ಯರು ರೋಟರಿ ಪ್ರತಿಷ್ಠಾನಕ್ಕೆ ಕಾಣಿಕೆ ಸಲ್ಲಿಸಿದರು. ಆ ಹಣದ ಬಲದಿಂದ ಅದೇ ವರ್ಷ 18 ಮಂದಿ ವಿದ್ಯಾರ್ಥಿಗಳು ಪರದೇಶಗಳಲ್ಲಿ ಉನ್ನತ ವ್ಯಾಸಂಗಕ್ಕೆ ತೆರಳಿದರು. ಅವನ ಕಾಲದ ಸಂಘದಲ್ಲಿ ಸ್ತ್ರೀಯರಿಗೆ ಸದಸ್ಯತ್ವವಿರಲಿಲ್ಲ. ಈ ಕೊರತೆ ನೀಗಲು 1987ರ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನೂ ಅನಂತರ 1989ರಲ್ಲಿ ನಿಯಮವನ್ನು ತಿದ್ದುವುದನ್ನೂ ಕಾಯಬೇಕಾಯಿತು. 1979ರಲ್ಲಿ ಫಿಲಿಪ್ಪೀನ್ಸ್‌ನ ಮಕ್ಕಳಿಗೆ ಪೋಲಿಯೋ ಲಸಿಕೆ ಹಾಕಿಸಲು ಆರಂಭಿಸಿದ ಸಂಸ್ಥೆಯು 1985ರಲ್ಲಿ ಆ ಕಾರ್ಯವನ್ನು ಇಡೀ ಜಗತ್ತಿಗೆ ವಿಸ್ತರಿಸಿತು. ಭಾರತದಲ್ಲಿ ಸರ್ಕಾರದೊಡನೆ ಕೈಜೋಡಿಸಿ ಲಸಿಕೆಯ ದಿನಗಳಂದು ದುಡಿದವರಲ್ಲಿ ಈ ಗಾಲಿಯ ಚಿಹ್ನೆಯನ್ನು ಧರಿಸಿದವರು ಬಹುಮಂದಿ. 2014ರ ಮಾರ್ಚ್ 27ರಂದು ನಮ್ಮ ದೇಶವು ಪೋಲಿಯೋ ಮುಕ್ತವೆಂದು ಘೋಷಿತವಾಯಿತು.

ಹ್ಯಾರಿಸನ ಸಮಾಧಿ ಷಿಕಾಗೋದ ಮೌಂಟ್ ಹೋಪ್ ರುದ್ರಭೂಮಿಯಲ್ಲಿದೆ. ಮೊದಲ ರಾತ್ರಿಯ ಸಭೆಗೆ ಜೊತೆಯಾಗಿ ನಡೆದುಬಂದಿದ್ದ ಕಲ್ಲಿದ್ದಲಿನ ವ್ಯಾಪಾರಿ ಷೀಲ್ ಒಂದು ವರ್ಷ ಮುಂಚೆಯೇ ತೀರಿಕೊಂಡು ಅಲ್ಲಿ ಮಲಗಿದ್ದನು. ಗೆಳೆಯರಿಬ್ಬರ ಸಮಾಧಿಗಳೂ ಸಮೀಪದಲ್ಲಿಯೇ ಇವೆ. ಜೀನ್ ಕೆಲವು ವರ್ಷಗಳ ತರುವಾಯ ಸ್ಕಾಟ್‌ಲೆಂಡಿಗೆ ಹಿಂದಿರುಗಿದಳು. 1963ರಲ್ಲಿ ತೀರಿಕೊಂಡ ಆಕೆಯನ್ನು ಎಡಿನ್‌ಬರೋದಲ್ಲಿ ಮಣ್ಣುಮಾಡಿದರು.