ತಿಪ್ಪೆಯಿಂದೆದ್ದ ವೈದ್ಯ ಜೀವಕ



ಇಂದಿನ ಚಿಂತನೆಗೆ ವೈದ್ಯ ಜೀವಕನ ಬದುಕನ್ನು ಆರಿಸಿಕೊಂಡಿದ್ದೇನೆ. ವಿನಯ ಪಿಟಕದ ಮಹಾವಗ್ಗದಲ್ಲಿ ಅವನ ಕಥೆ ವಿವರವಾಗಿ ಬರುತ್ತದೆ.

ರಾಜಗೃಹದ ಗಣಿಕೆ ಸಾಲವತಿ ಹೆತ್ತ ಈ ಗಂಡುಮಗುವನ್ನು ಹಳೆಯ ಮೊರದಲ್ಲಿಟ್ಟು ತಿಪ್ಪೆಗೆ ಎಸೆಸಿದಳು. ಸುತ್ತ ಕಾಗೆಗಳು ನೆರೆದಿದ್ದವು. ಆ ದಾರಿಯಲ್ಲಿ ಬಂದ ರಾಜಕುಮಾರ ಅಭಯ, ಮಗುವಿಗೆ ಇನ್ನೂ ಜೀವವಿದೆಯೇ ಎಂದು ವಿಚಾರಿಸಿದ. ಜೀವವಿತ್ತು, ಜೀವಕ ಎಂದೇ ಹೆಸರಾಯಿತು. ದೊಡ್ಡವನಾದ ಮೇಲೆ, ವಿದ್ಯೆಯಿಲ್ಲದೆ ಅರಮನೆಯಲ್ಲಿ ಬಾಳುವುದು ಕಷ್ಟವೆಂದು ಅರಿತು ತಕ್ಷಶಿಲೆಗೆ ಹೋಗಿ 7 ವರ್ಷ ವೈದ್ಯ ಕಲಿತ. ಕೊನೆಗೆ ಗುರು ಕೈಗೆ ಗುದ್ದಲಿ ಕೊಟ್ಟು, ಊರ ಸುತ್ತ ಒಂದು ಯೋಜನದಲ್ಲಿ ಔಷಧಿಗೆ ಬಾರದ ಗಿಡವನ್ನು ತರಲು ಕಳಿಸಿದ. ಜೀವಕ ಬರಿಗೈಯಲ್ಲಿ ಮರಳಿದ. ಅಂಥ ಗಿಡ ಒಂದೂ ಸಿಕ್ಕಿರಲಿಲ್ಲ. ಅವನ ಕಲಿಕೆ ಮುಗಿಯಿತೆಂದು ಗುರು ಒಪ್ಪಿದ.

ವಾರಾಣಸಿಯ ಸಾಹುಕಾರನ ಮಗನೊಬ್ಬ ಲಾಗ ಹಾಕುವ ಆಟದಲ್ಲಿ ಕರುಳಿಗೆ ಗಂಟು ಬಿದ್ದು, ಕುಡಿದ ಗಂಜಿಯೂ ಜೀರ್ಣವಾಗದೆ ಬಿಳಿಚಿಕೊಂಡು ಒಣಗುತ್ತಿದ್ದ. ಜೀವಕ ಲಕ್ಷಣಗಳನ್ನು ಗಮನಿಸಿದ, ಹೊಟ್ಟೆ ಸೀಳಿ ಗಂಟನ್ನು ಹೊರತೆಗೆದು, ಎದುರಿಗೆ ನಿಂತಿದ್ದ ಹೆಂಡತಿಗೆ ತೋರಿಸಿದ. ಅದನ್ನು ಬಿಡಿಸಿ ಒಳಗಿಟ್ಟು ಹೊಲಿದ. ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಆ ತೋರಿಸುವಿಕೆ. ರೋಗ ಹಣೆಬರಹದಲ್ಲಿರಲಿಲ್ಲ, ಕರುಳಿನಲ್ಲಿತ್ತು. ಅದನ್ನು ಆ ಹೆಣ್ಣುಮಗಳು ಕಣ್ಣಾರೆ ಕಂಡಳು.

ಮುಂದೆ ಜೀವಕ ದೊರೆ ಬಿಂಬಿಸಾರನಿಗೂ ಬುದ್ಧರಿಗೂ ಸಂಘಕ್ಕೂ ವೈದ್ಯನಾದ. ಆಗ ಮಗಧದಲ್ಲಿ ಕುಷ್ಠ, ಕುರು, ತೊನ್ನು, ಕ್ಷಯ, ಅಪಸ್ಮಾರ ಹರಡಿದ್ದವು. ಆಸ್ತಿಯೆಲ್ಲ ಕೊಡುತ್ತೇವೆಂದು ಬಂದ ರೋಗಿಗಳಿಗೂ ಅವನು ಬಿಡುವಿಲ್ಲವೆಂದ. ಕೆಲವರು ಚಿಕಿತ್ಸೆಗಾಗಿಯೇ ಚೀವರ ತೊಟ್ಟು, ಗುಣವಾದ ಮೇಲೆ ಕಳಚಿದರು. ಜೀವಕನಿಂದ ಇದು ತಿಳಿದ ಬುದ್ಧರು, ಈ ಐದು ರೋಗಗಳುಳ್ಳವರಿಗೆ ಪ್ರವ್ರಜ್ಯೆ ಕೊಡಬಾರದೆಂದು ನಿಯಮ ಮಾಡಿದರು. ಅಷ್ಟು ದೊಡ್ಡ ವೈದ್ಯನಿದ್ದ ಊರಿನಲ್ಲೇ ಸಾಮಾನ್ಯರಿಗೆ ವೈದ್ಯನಿರಲಿಲ್ಲ. ಇದನ್ನೂ ನಾವು ಓದಿಕೊಳ್ಳಬೇಕು.

ನನ್ನ ತರಗತಿಯ ಹುಡುಗಿಯೊಬ್ಬಳ ಮುಂಗೈಯಲ್ಲಿ ಬಿಳಿ ಮಚ್ಚೆ ಕಾಣಿಸಿತು. ಪಕ್ಕದವರು ಬೆಂಚು ಬಿಟ್ಟೆದ್ದರು. ಬೇರೆ ಕೂರಿಸುವುದು ಅಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸರ್ಕಾರಿ ಆಸ್ಪತ್ರೆಯ ವೈದ್ಯೆ ಅವಳಿಗೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಮಚ್ಚೆಯನ್ನು ಸವರಿದರು. ಸವರಿದಾಗಲೆಲ್ಲ ಅವಳು ಬೆರಳಿಟ್ಟು ಜಾಗ ತೋರಿಸಿದಳು. ಮೊಣಕೈ ಬಳಿಯ ನರವನ್ನೂ ಮುಟ್ಟಿ ನೋಡಿದರು. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಕುಂದಿರುತ್ತದೆ, ನರ ದಪ್ಪವಾಗಿರಬಹುದು. ಇವಳದು ತೊನ್ನು, ಅದು ಅಂಟುವುದಿಲ್ಲ. ಕುಷ್ಠವೇ ಆಗಿದ್ದರೂ ಉಚಿತ ಔಷಧಿಯಿದೆ, ಪೂರ್ತಿ ವಾಸಿಯಾಗುತ್ತದೆ. ಮಾರನೆಯ ದಿನ ತರಗತಿಯಲ್ಲಿ ಇಷ್ಟನ್ನೂ ಹೇಳಿದೆ. ಅವಳ ಗೆಳತಿ ಮೊದಲ ಜಾಗಕ್ಕೇ ಬಂದು ಕೂತಳು.

ನಮ್ಮ ಕೇರಿಗಳಲ್ಲಿ ಕಾಮಾಲೆಗೆ ಇನ್ನೂ ಮಂತ್ರ ಹಾಕಿಸುತ್ತಾರೆ, ಮೂರ್ಛೆರೋಗಕ್ಕೆ ತಾಯತ ಕಟ್ಟಿಸುತ್ತಾರೆ. ಕಾಮಾಲೆಗೆ ರಕ್ತಪರೀಕ್ಷೆಯಿದೆ, ಮೂರ್ಛೆಗೆ ಇಇಜಿಯಿದೆ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫಪರೀಕ್ಷೆ ಉಚಿತ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಯಾರ ದೃಷ್ಟಿ ತಾಗಿತು ಎಂದು ಕೇಳುವುದನ್ನು ಬಿಟ್ಟು, ಇದು ಯಾವ ರೋಗ, ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ವೈದ್ಯರನ್ನು ಕೇಳೋಣ. ಆ ವಾರಾಣಸಿಯ ಹೆಣ್ಣುಮಗಳಿಗೆ ತೋರಿಸಿದಂತೆ ನಮಗೂ ತೋರಿಸಲಿ.

ಭವತು ಸಬ್ಬ ಮಂಗಲಂ.